ಗಣಿತದಲ್ಲಿ ಬಿ.ಎಸ್ಸಿ. ಮಾಡಿದರೆ ಹಾಕಿದ ದುಡ್ಡು, ಕಳೆದ ವರ್ಷಗಳು ವಸೂಲಾಗುತ್ತವಾ? ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯು ರಿಸಲ್ಟ್ ಬಂದ ದಿನದಿಂದ ಡಿಗ್ರಿ ಅಡ್ಮಿಷನ್ ಮುಗಿಯುವ ತನಕ ಮಕ್ಕಳೂ ಅಪ್ಪ ಅಮ್ಮಂದಿರೂ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಫೋನಿನಲ್ಲಿ ಪ್ರತಿಯೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ. ಆದರೆ ಖರ್ಚಿನ ಬಗ್ಗೆ ಇರುವ ಎರಡು ಪ್ರಶ್ನೆಗಳನ್ನು ಮಾತ್ರ ಬಿಡಬೇಡಿ.

ಸುತ್ತಿ ಬಳಸಿ ಹೇಳಬೇಡಿ. ಗಣಿತ ತಗೋಬಹುದಾ, ಬೇಡ್ವಾ?

ತಗೋಬಹುದು. ಆದರೆ ಎರಡು ಷರತ್ತು ಇವೆ. ಒಂದು, ಗಣಿತ ನಿಮಗೆ ನಿಜವಾಗಿ ಹಿಡಿಸಬೇಕು. ಇನ್ನೊಂದು, ಡಿಗ್ರಿ ಆದ ಮೇಲೆ ಯಾವ ಕಡೆ ಹೋಗಬೇಕು ಅನ್ನೋದು ಎರಡನೇ ವರ್ಷ ಮುಗಿಯುವುದರೊಳಗೆ ತೀರ್ಮಾನ ಆಗಿರಬೇಕು. ಬರೀ ಬಿ.ಎಸ್ಸಿ. ಗಣಿತದ ಅಂಕಪಟ್ಟಿ ಹಿಡಿದು ಹೋದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಒಳ್ಳೆ ಸಂಬಳದ ಕೆಲಸ ಸಿಗುವುದು ಕಷ್ಟ. ಅದರ ಮೇಲೆ ಬಿ.ಎಡ್., ಎಂ.ಎಸ್ಸಿ., ಎಂ.ಸಿ.ಎ., ಬ್ಯಾಂಕ್ ಪರೀಕ್ಷೆ, ಪ್ರೋಗ್ರಾಮಿಂಗ್ ಹೀಗೆ ಏನಾದರೂ ಒಂದು ಸೇರಲೇಬೇಕು. ಆ ಒಂದು ಯಾವುದು ಅಂತ ಮೊದಲೇ ಗೊತ್ತಿದ್ದವರಿಗೆ ಈ ಡಿಗ್ರಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಕೊನೆ ಸೆಮಿಸ್ಟರ್ ರಿಸಲ್ಟ್ ಬಂದ ಮೇಲೆ ಯೋಚಿಸಿದರಾಯ್ತು ಅಂದುಕೊಂಡವರಿಗೆ ಅಲ್ಲಿಂದ ಮುಂದೆ ಎರಡು ಮೂರು ವರ್ಷ ಸುಮ್ನೆ ಹೋಗಿಬಿಡುತ್ತವೆ.

ಒಟ್ಟು ಖರ್ಚು ಎಷ್ಟಾಗುತ್ತದೆ?

ಸರ್ಕಾರಿ ಪದವಿ ಕಾಲೇಜಾದರೆ ಫೀ ದೊಡ್ಡ ಹೊರೆ ಅಲ್ಲ, ವರ್ಷಕ್ಕೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ನಿಜವಾದ ಖರ್ಚು ಊಟ ಮತ್ತು ರೂಮಿನದು. ಕುಷ್ಟಗಿ ಕಡೆಯ ಹಳ್ಳಿಯ ಹುಡುಗ ಬಳ್ಳಾರಿಯಲ್ಲಿ ಇಬ್ಬರ ಜೊತೆ ರೂಮ್ ಮಾಡಿದ ಅಂತ ಇಟ್ಟುಕೊಳ್ಳಿ. ಬಾಡಿಗೆಯ ಪಾಲು, ಮೆಸ್, ಓಡಾಟ, ಫೋನ್ ಎಲ್ಲಾ ಸೇರಿ ತಿಂಗಳಿಗೆ 6,000 ಹಿಡಿಯಿರಿ. ವರ್ಷಕ್ಕೆ ಹತ್ತು ತಿಂಗಳು ಅಂದರೂ 60,000, ಮೂರು ವರ್ಷಕ್ಕೆ 1,80,000. ಫೀ, ಪುಸ್ತಕ, ಪರೀಕ್ಷಾ ಶುಲ್ಕ ಸೇರಿದರೆ ಎರಡು ಲಕ್ಷ ದಾಟುತ್ತದೆ.

ಅದೇ ಹುಡುಗನಿಗೆ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ ಅಥವಾ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕರೆ ಈ 1,80,000ದಲ್ಲಿ ಬಹುಪಾಲು ಉಳಿಯುತ್ತದೆ. ಹಾಗಾಗಿ ಕಾಲೇಜ್ ಸೀಟಿಗಿಂತ ಹಾಸ್ಟೆಲ್ ಸೀಟಿನ ಹಿಂದೆ ಜಾಸ್ತಿ ಓಡಾಡಿ ಅಂತ ನಾನು ಯಾವಾಗಲೂ ಹೇಳೋದು. ಅರ್ಜಿಯ ಕೊನೆ ದಿನ ತಪ್ಪಿಸಿಕೊಳ್ಳಬೇಡಿ.

ಇನ್ನೊಂದು ವಿಷಯ. ರಾಜ್ಯದಲ್ಲಿ 2021–22ರಿಂದ ನಾಲ್ಕು ವರ್ಷದ ಆನರ್ಸ್ ಪದ್ಧತಿ ಇತ್ತಲ್ಲ, 2024–25ರಿಂದ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ ಮಾಡಿದ್ದಾರೆ. ಹಳೇ ವಿಡಿಯೋ ನೋಡಿಕೊಂಡು ನಾಲ್ಕು ವರ್ಷದ ಲೆಕ್ಕ ಹಾಕಬೇಡಿ.

ಫೀ ಕಡಿಮೆ ಅಂದ ಮೇಲೆ ಚಿಂತೆ ಯಾಕೆ?

ವರ್ಷಗಳಿಗೂ ಬೆಲೆ ಇದೆ. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯೋದಿಲ್ಲ. ಪಿಯು ಮುಗಿಸಿದ ಹುಡುಗ ತೋರಣಗಲ್ಲಿನಲ್ಲೋ ಗಿಣಿಗೇರಾ ಕಡೆಯ ಫ್ಯಾಕ್ಟರಿಯಲ್ಲೋ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಸೇರಿ ತಿಂಗಳಿಗೆ 12,000 ದುಡಿದ ಅಂದುಕೊಳ್ಳಿ. ಮೂರು ವರ್ಷಕ್ಕೆ 4,32,000 ಆಯ್ತು. ಡಿಗ್ರಿಗೆ ಹೋದರೆ ಆ ದುಡ್ಡು ಮನೆಗೆ ಬರುವುದಿಲ್ಲ. ಕೂಲಿ ಮಾಡಿ ಓದಿಸುವ ಮನೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಖರ್ಚು.

ಈಗ ದಾರಿ ಎಷ್ಟು ಉದ್ದ ನೋಡಿ. ಹೈಸ್ಕೂಲ್ ಟೀಚರ್ ಆಗಲು ಬಿ.ಎಸ್ಸಿ. ಮೂರು, ಬಿ.ಎಡ್. ಎರಡು, ಒಟ್ಟು ಐದು ವರ್ಷ. ಪಿಯು ಉಪನ್ಯಾಸಕರಾಗಲು ಎಂ.ಎಸ್ಸಿ.ಯ ಎರಡು ವರ್ಷ ಸೇರಿ ಏಳು. ಇದಾದ ಮೇಲೆ ನೇಮಕಾತಿಗೆ ಕಾಯಬೇಕು, ಅದು ವರ್ಷ ವರ್ಷ ಬರುವಂಥದ್ದಲ್ಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥ ಆಗಲಿ ಅಂತ 2024ರ ಕೊನೆಯಿಂದ ಹಲವು ತಿಂಗಳು ಸರ್ಕಾರ ಹೊಸ ನೇಮಕಾತಿ ಅಧಿಸೂಚನೆಗಳನ್ನೇ ತಡೆಹಿಡಿದಿದ್ದು ಎಲ್ಲರಿಗೂ ನೆನಪಿದೆ. ಕಾರಣ ಸರಿ ಇದ್ದಿರಬಹುದು. ಕಾಯುವವನ ವಯಸ್ಸು ನಿಲ್ಲೋದಿಲ್ಲ ಅಲ್ವಾ?

ಹಾಗಾಗಿ ಮನೆಯಲ್ಲಿ ಕೂತು ಮಾತಾಡುವಾಗ ಎಷ್ಟು ದುಡ್ಡು ಅಂತ ಕೇಳುವ ಜೊತೆಗೆ ಎಷ್ಟು ವರ್ಷ ತಡೆದುಕೊಳ್ಳಬಹುದು ಅಂತಲೂ ಕೇಳಿಕೊಳ್ಳಿ. ಮೂರೇ ವರ್ಷ ಸಾಧ್ಯ ಅಂದರೆ ಬ್ಯಾಂಕ್, ಕೇಂದ್ರ ಸರ್ಕಾರಿ ನೌಕರಿಗೆ ನಡೆಸುವ ಎಸ್‌ಎಸ್‌ಸಿ, ಸಾಫ್ಟ್‌ವೇರ್ ಕಡೆ ನೋಡಿ. ಐದು ಸಾಧ್ಯ ಅಂದರೆ ಬಿ.ಎಡ್. ಆಗುತ್ತದೆ. ಏಳು ಅಂದರೆ ಎಲ್ಲಾ ಬಾಗಿಲೂ ತೆರೆದೇ ಇವೆ.

ಮಗನಿಗೆ ಇಂಜಿನಿಯರಿಂಗ್ ಸೀಟೂ ಸಿಗುತ್ತೆ. ಅದು ಬಿಟ್ಟು ಬಿ.ಎಸ್ಸಿ. ಮಾಡಿಸೋದು ಹುಚ್ಚಾಟ ಅಲ್ವಾ?

ಯಾವ ಸೀಟು ಅನ್ನೋದರ ಮೇಲೆ ಹೋಗುತ್ತದೆ. ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದು ಸರ್ಕಾರಿ ಕೋಟಾದಲ್ಲಿ ಒಳ್ಳೆ ಕಾಲೇಜ್ ಸಿಕ್ಕಿದ್ದರೆ, ಹುಡುಗನಿಗೂ ಇಷ್ಟ ಇದ್ದರೆ ಇಂಜಿನಿಯರಿಂಗ್ ಮಾಡಿಸಿ. ಅದೇ ಹೊಲ ಅಡ ಇಟ್ಟು ಮ್ಯಾನೇಜ್‌ಮೆಂಟ್ ಸೀಟು ತಗೊಂಡು, ಕ್ಯಾಂಪಸ್‌ಗೆ ಕಂಪನಿಯೇ ಬಾರದ ಕಾಲೇಜಿಗೆ ಸೇರಿಸೋದಾದರೆ, ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ಮತ್ತು ಆಮೇಲೆ ಎಂ.ಸಿ.ಎ. ಎಷ್ಟೋ ಮೇಲು. ಇಂಜಿನಿಯರಿಂಗ್ ನಾಲ್ಕು ವರ್ಷ, ಇದು ಐದು ವರ್ಷ. ಒಂದು ವರ್ಷ ಜಾಸ್ತಿ ಹಿಡಿದರೂ ಸಾಲದ ಹೊರೆ ಇರುವುದಿಲ್ಲ.

ಪಿಯುನಲ್ಲಿ ಗಣಿತಕ್ಕೆ 95 ಬಂದಿದೆ. ಡಿಗ್ರಿ ಗಣಿತ ಸುಲಭ ಆಗುತ್ತೆ ಅಲ್ವಾ?

ಹಾಗೇನಿಲ್ಲ. ಪಿಯು ತನಕ ಲೆಕ್ಕ ಬಿಡಿಸಿದರೆ ಸಾಕು, ಡಿಗ್ರಿಯಲ್ಲಿ ಅದು ಯಾಕೆ ನಿಜ ಅಂತ ತೋರಿಸಬೇಕು. ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಎರಡು ಬೆಸ ಸಂಖ್ಯೆ ಕೂಡಿದರೆ ಯಾವಾಗಲೂ ಸಮ ಸಂಖ್ಯೆ ಬರುತ್ತದೆ. ಯಾಕೆ?

3 ಮತ್ತು 5 ಕೂಡಿದರೆ 8, 7 ಮತ್ತು 9 ಕೂಡಿದರೆ 16 ಅಂತ ಉದಾಹರಣೆ ಕೊಟ್ಟು ಮುಗಿಸುವವರೇ ಜಾಸ್ತಿ. ಇನ್ನು ಸಾವಿರ ಉದಾಹರಣೆ ಕೊಟ್ಟರೂ ‘ಯಾವಾಗಲೂ’ ಅನ್ನೋದು ಸಾಬೀತಾಗೋದಿಲ್ಲ. ಹೀಗೆ ಯೋಚಿಸಿ: ಬೆಸ ಅಂದರೆ ಎರಡೆರಡರ ಜೋಡಿ ಮಾಡುತ್ತಾ ಹೋದರೆ ಕೊನೆಗೆ ಒಂದು ಒಂಟಿಯಾಗಿ ಉಳಿಯುವ ಸಂಖ್ಯೆ. ಎರಡು ಬೆಸ ಸಂಖ್ಯೆ ತಂದರೆ ಎರಡು ಒಂಟಿ ಉಳಿಯುತ್ತವೆ, ಅವೆರಡೂ ಸೇರಿ ಇನ್ನೊಂದು ಜೋಡಿ. ಈಗ ಒಂಟಿ ಯಾವುದೂ ಇಲ್ಲ, ಹಾಗಾಗಿ ಮೊತ್ತ ಸಮ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಇಷ್ಟೇ ಮಾತು ಸಾಕು.

ಇದನ್ನು ಓದಿ ಖುಷಿ ಆಯ್ತಾ? ಹಾಗಾದರೆ ರಿಯಲ್ ಅನಾಲಿಸಿಸ್, ಆಲ್ಜೀಬ್ರಾ ನಿಮಗೆ ಕಷ್ಟ ಕೊಟ್ಟರೂ ಬೇಜಾರು ತರುವುದಿಲ್ಲ. ‘ಇದೆಲ್ಲಾ ಯಾಕೆ, ಫಾರ್ಮುಲಾ ಕೊಡಿ ಸಾಕು’ ಅನ್ನಿಸಿತಾ? ಅದರಲ್ಲಿ ತಪ್ಪೇನೂ ಇಲ್ಲ, ನಿಮಗೆ ಬಿ.ಕಾಂ. ಅಥವಾ ಬಿ.ಸಿ.ಎ. ಚೆನ್ನಾಗಿ ಹೊಂದಬಹುದು. ಗೈಡ್ ಇಟ್ಟುಕೊಂಡು, ಇಂಪಾರ್ಟೆಂಟ್ ಪ್ರಶ್ನೆ ಬಾಯಿಪಾಠ ಮಾಡಿ ಬಿ.ಎಸ್ಸಿ. ಗಣಿತದಲ್ಲಿ ಫಸ್ಟ್ ಕ್ಲಾಸ್ ತೆಗೆಯಬಹುದು, ತೆಗೆದವರೂ ಇದ್ದಾರೆ. ಮುಂದಿನ ಪ್ರವೇಶ ಪರೀಕ್ಷೆಯಲ್ಲಿ, ಇಂಟರ್ವ್ಯೂನಲ್ಲಿ ಆ ಫಸ್ಟ್ ಕ್ಲಾಸ್ ಐದು ನಿಮಿಷವೂ ನಿಲ್ಲುವುದಿಲ್ಲ. ನನಗೆ ಅತ್ಯಂತ ಸಂಕಟ ಆಗುವುದು ಇಂಥ ಮಕ್ಕಳನ್ನು ನೋಡಿದಾಗ. ಮೂರು ವರ್ಷ ಕಷ್ಟಪಟ್ಟಿರುತ್ತಾರೆ, ಕೈಗೆ ಬಂದಿರುವುದು ಕಾಗದ ಅಷ್ಟೇ.

ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಇಂಗ್ಲಿಷ್‌ನಲ್ಲಿ ಗಣಿತ ಓದೋಕೆ ಆಗುತ್ತಾ?

ಆಗುತ್ತದೆ. ಬೇರೆ ವಿಷಯಗಳಿಗಿಂತ ಗಣಿತದಲ್ಲೇ ಸುಲಭ, ಯಾಕಂದರೆ ಒಂದು ಪುಟದಲ್ಲಿ ಬರುವ ಇಂಗ್ಲಿಷ್ ಪದಗಳು ಕಡಿಮೆ, ಬಂದವೇ ಮತ್ತೆ ಮತ್ತೆ ಬರುತ್ತವೆ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ವ್ಯಾಖ್ಯೆಯನ್ನೂ ನಿಮ್ಮ ಕನ್ನಡದಲ್ಲಿ, ಮನೆಯಲ್ಲಿ ಮಾತಾಡುವ ಹಾಗೇ ಬರೆದುಕೊಳ್ಳಿ. ಹಾಗೆ ಬರೆಯೋಕೆ ಬಂದರೆ ಅರ್ಥ ಆಗಿದೆ ಅಂತಲೇ ಲೆಕ್ಕ.

ಟೀಚರ್ ಕೆಲಸ ಗ್ಯಾರಂಟಿ ಅಂತಾರಲ್ಲ?

ಗ್ಯಾರಂಟಿ ಅಲ್ಲ, ಆದರೆ ನಮ್ಮ ಭಾಗದಲ್ಲಿ ಅವಕಾಶ ಚೆನ್ನಾಗಿದೆ. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ, ಅಂದರೆ 6ರಿಂದ 8ನೇ ತರಗತಿಯ ಶಿಕ್ಷಕರದು, 15,000 ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಇದ್ದವು. ಇದಕ್ಕೆ ಡಿಗ್ರಿ, ಬಿ.ಎಡ್. ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ ಪಾಸಾಗಿರಬೇಕು. ಟಿಇಟಿ ಒಮ್ಮೆ ಪಾಸಾದರೆ ಜೀವನಪೂರ್ತಿ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ಬಿ.ಎಡ್. ಓದುತ್ತಿರುವಾಗಲೇ ಬರೆದು ಮುಗಿಸಿಬಿಡಿ.

ಸೇರುವ ಮುಂಚೆಯೇ ಒಂದು ಕೆಲಸ ಮಾಡಿ. ಹಿಂದಿನ ನೇಮಕಾತಿ ಅಧಿಸೂಚನೆ ತೆಗೆದು, ಗಣಿತ ಶಿಕ್ಷಕರಿಗೆ ಡಿಗ್ರಿಯಲ್ಲಿ ಯಾವ ಯಾವ ಐಚ್ಛಿಕ ವಿಷಯ ಇರಬೇಕು ಅಂತ ಕೇಳಿದ್ದಾರೆ ಅನ್ನೋದನ್ನು ಓದಿ. ಕಾಂಬಿನೇಷನ್ ತಪ್ಪಿದರೆ ಐದು ವರ್ಷದ ಮೇಲೆ ಅರ್ಜಿ ಹಾಕುವಾಗ ಗೊತ್ತಾಗುತ್ತದೆ, ಆಗ ಯಾರೂ ಏನೂ ಮಾಡೋಕಾಗಲ್ಲ. ಪಿಯು ಆದ ತಕ್ಷಣ ಟೀಚರೇ ಆಗಬೇಕು ಅಂತ ಪಕ್ಕಾ ಇರುವವರು ನಾಲ್ಕು ವರ್ಷದ ಬಿ.ಎಸ್ಸಿ. ಬಿ.ಎಡ್. ನೋಡಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಒಂದು ಪೂರ್ತಿ ವರ್ಷ ಉಳಿಯುತ್ತದೆ.

ಅತಿಥಿ ಶಿಕ್ಷಕರ ಕೆಲಸ ಬೇಗ ಸಿಗುತ್ತದೆ, ಸಂಭಾವನೆ ಹನ್ನೆರಡು ಸಾವಿರದ ಆಸುಪಾಸು, ಅದೂ ತಿಂಗಳಿಗೆ ಸರಿಯಾಗಿ ಕೈಗೆ ಬರುವುದಿಲ್ಲ. ಅನುಭವಕ್ಕೆ ಒಂದು ವರ್ಷ ಮಾಡಿ. ಅದರಲ್ಲೇ ನೆಲೆ ನಿಲ್ಲಬೇಡಿ.

371(ಜೆ) ಇಂದ ನಿಜಕ್ಕೂ ಲಾಭ ಇದೆಯಾ?

ಬಹಳ ಇದೆ. ಇದು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ ವಿಧಿ. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಎ ಕಿರಿಯ ಶ್ರೇಣಿ ಮತ್ತು ಗ್ರೂಪ್ ಬಿಗೆ ಶೇ 75, ಗ್ರೂಪ್ ಸಿಗೆ ಶೇ 80, ಗ್ರೂಪ್ ಡಿಗೆ ಶೇ 85ರಷ್ಟು ಸ್ಥಳೀಯರಿಗೆ ಮೀಸಲು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು, ರಾಜ್ಯದ ಉಳಿದ ಕಡೆ ಶೇ 8. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳೂ ಜಿಲ್ಲೆಗೆ ಅನ್ವಯ ಆಗುತ್ತದೆ. ಗಣಿತ ಶಿಕ್ಷಕರು, ಉಪನ್ಯಾಸಕರು ಆಗಬೇಕು ಅನ್ನುವವರಿಗೆ ಇದಕ್ಕಿಂತ ದೊಡ್ಡ ಬಲ ಬೇರೆ ಇಲ್ಲ.

ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಅಪ್ಪ ಅಮ್ಮನ ದಾಖಲೆ, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಎಲ್ಲಾ ಹೊಂದಿಸಿಕೊಂಡು ರಜೆಯಲ್ಲೇ ಮಾಡಿಸಿಡಿ. ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ಅಲೆದಾಟ ಶುರುವಾಗುತ್ತದೆ, ಅರ್ಜಿಯ ಕೊನೆ ವಾರದಲ್ಲಿ ಅದು ಬೇಡವೇ ಬೇಡ.

ಕಾಲೇಜ್ ಲೆಕ್ಚರರ್ ಆಗಬೇಕಾದರೆ?

ಡಿಗ್ರಿ ಕಾಲೇಜಿಗೆ ಎಂ.ಎಸ್ಸಿ.ಯಲ್ಲಿ ಶೇ 55 (ಮೀಸಲು ವರ್ಗಕ್ಕೆ ಶೇ 50), ಜೊತೆಗೆ ನೆಟ್ ಅಥವಾ ಕೆ–ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು. ಸಹಾಯಕ ಪ್ರಾಧ್ಯಾಪಕರ ಯುಜಿಸಿ ಮೂಲ ವೇತನ 57,700ರಿಂದ ಶುರು. ಸಂಬಳ ಒಳ್ಳೆಯದೇ, ಹುದ್ದೆ ಮಾತ್ರ ಅಪರೂಪ. 2021ರಲ್ಲಿ ಕರೆದಾಗ ಎಲ್ಲಾ ವಿಷಯ ಸೇರಿ 1,242 ಇದ್ದವು.

ಗಣಿತದವರು ಬರೆಯಬೇಕಾದದ್ದು ಸಿಎಸ್‌ಐಆರ್–ಯುಜಿಸಿ ನೆಟ್, ಅದನ್ನು ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ). ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ಪಡೆಯುತ್ತಾ ಪಿಎಚ್.ಡಿ. ಮಾಡಬಹುದು, ಅಂದರೆ ಓದುತ್ತಲೇ ಮನೆಗೆ ದುಡ್ಡು ಕಳಿಸಬಹುದು. ನಮ್ಮ ಕಡೆಯ ಮಕ್ಕಳು ಇದಕ್ಕೆ ತಯಾರಿ ಶುರು ಮಾಡೋದು ಎಂ.ಎಸ್ಸಿ. ಮುಗಿದ ಮೇಲೆ. ಬಿ.ಎಸ್ಸಿ. ಎರಡನೇ ವರ್ಷದಿಂದಲೇ ಹಳೇ ಪ್ರಶ್ನೆಪತ್ರಿಕೆ ಮುಟ್ಟಿದರೆ ಕಥೆಯೇ ಬೇರೆ. ಎಂ.ಎಸ್ಸಿ.ಗೆ ಬಳ್ಳಾರಿ, ಕಲಬುರಗಿ, ಧಾರವಾಡದ ವಿಶ್ವವಿದ್ಯಾಲಯಗಳು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಐಐಟಿಯಲ್ಲಿ ಎಂ.ಎಸ್ಸಿ. ಮಾಡಬೇಕಾದರೆ ಜಾಮ್ ಪರೀಕ್ಷೆ ಬರೆಯಬೇಕು, ಅಂತಿಮ ವರ್ಷದಲ್ಲೇ ಬರೆಯಬಹುದು.

ಬ್ಯಾಂಕ್ ಪರೀಕ್ಷೆಗೆ ಯಾವ ಡಿಗ್ರಿ ಆದರೂ ನಡೆಯುತ್ತೆ. ಹಾಗಾದರೆ ಗಣಿತ ಯಾಕೆ?

ನಿಜ, ಯಾವುದಾದರೂ ನಡೆಯುತ್ತದೆ. ಬ್ಯಾಂಕ್ ಒಂದೇ ಗುರಿ ಆದರೆ ಗಣಿತವೇ ಬೇಕು ಅಂತಿಲ್ಲ. ಆದರೂ ಗ್ರಾಮೀಣ ಬ್ಯಾಂಕ್ ಪರೀಕ್ಷೆಯ ಪ್ರಿಲಿಮ್ಸ್‌ನಲ್ಲಿ ರೀಸನಿಂಗ್ ಮತ್ತು ಲೆಕ್ಕ ಎರಡೇ ವಿಭಾಗ, ಕನ್ನಡದಲ್ಲೂ ಬರೆಯಬಹುದು, ಹಾಗಾಗಿ ಗಣಿತದವರಿಗೆ ಇದು ಕೈಗೆಟುಕುವ ಪರೀಕ್ಷೆ. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ. 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ಇದರೊಂದಿಗೆ ಸೇರಿ ರಾಜ್ಯಕ್ಕೆಲ್ಲಾ ಒಂದೇ ಗ್ರಾಮೀಣ ಬ್ಯಾಂಕ್ ಆಗಿದೆ.

ಸಾಫ್ಟ್‌ವೇರ್, ಡೇಟಾ ಕೆಲಸಕ್ಕೆ ಗಣಿತದವರನ್ನ ತಗೋತಾರಾ?

ತಗೋತಾರೆ, ಜೊತೆಗೆ ಪೈಥಾನ್, ಎಸ್‌ಕ್ಯೂಎಲ್, ಎಕ್ಸೆಲ್ ಬರಬೇಕು. ಸಂಖ್ಯಾಶಾಸ್ತ್ರ ಚೆನ್ನಾಗಿ ಬರಬೇಕು. ಕಂಪ್ಯೂಟರ್ ಸೈನ್ಸ್ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಸಿಕ್ಕರೆ ಒಳ್ಳೇದು, ಇಲ್ಲದಿದ್ದರೆ ಸರ್ಕಾರದ ಆನ್‌ಲೈನ್ ಪಾಠದ ತಾಣಗಳಾದ ಸ್ವಯಂ, ಎನ್‌ಪಿಟೆಲ್‌ನಲ್ಲಿ ಪಾಠಗಳು ಪುಕ್ಕಟೆ ಇವೆ.

ಗಣಿತದವರಿಗೆ ಕಂಪನಿಯವರು ಯಾಕೆ ದುಡ್ಡು ಕೊಡಬೇಕು ಅನ್ನೋದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಬೈಕ್ ಶೋರೂಮ್‌ನಲ್ಲಿ ಒಂದು ಲಕ್ಷ ಸಾಲ, ಫ್ಲ್ಯಾಟ್ ಬಡ್ಡಿ ಶೇ 12, ಮೂರು ವರ್ಷ ಅಂತಾರೆ. ಬಡ್ಡಿ 36,000, ತಿಂಗಳ ಕಂತು ಸುಮಾರು 3,778. ಕೇಳೋಕೆ ಸಲೀಸು. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬರುತ್ತೀರಿ, ಬಡ್ಡಿ ಮಾತ್ರ ಕೊನೆ ತನಕ ಪೂರ್ತಿ ಒಂದು ಲಕ್ಷದ ಮೇಲೇ ನಡೆಯುತ್ತದೆ. ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಅಂತ ಲೆಕ್ಕ ಹಾಕಿದರೆ ಈ ಸಾಲದ ನಿಜವಾದ ದರ ಶೇ 21 ದಾಟುತ್ತದೆ. ಆ ದರ ಕಂಡುಹಿಡಿಯಲು ಸರಳ ಸೂತ್ರ ಇಲ್ಲ, ಒಂದು ಊಹೆ ಹಿಡಿದು ತಿದ್ದುತ್ತಾ ಹತ್ತಿರ ಹೋಗಬೇಕು, ಡಿಗ್ರಿಯಲ್ಲಿ ನ್ಯೂಮರಿಕಲ್ ಮೆಥಡ್ಸ್ ಅಂತ ಕಲಿಯೋದು ಇದನ್ನೇ. ಇದನ್ನು ಎಕ್ಸೆಲ್‌ನಲ್ಲಿ ಮಾಡಿ, ಎದುರಿಗೆ ಕೂತವರಿಗೆ ಎರಡು ಮಾತಿನಲ್ಲಿ ತಿಳಿಸಿ ಹೇಳಬಲ್ಲವರು ಫೈನಾನ್ಸ್, ವಿಮೆ, ಡೇಟಾ ಎಲ್ಲಾ ಕಡೆ ಬೇಕಾಗುತ್ತಾರೆ.

ಈ ಕೆಲಸಗಳು ಬಹುತೇಕ ಬೆಂಗಳೂರು, ಹೈದರಾಬಾದ್‌ನಲ್ಲಿವೆ. ಊರು ಬಿಡಲು ಮನಸ್ಸು ಇರಬೇಕು. ರಾಯಚೂರಿನಿಂದ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ ಅನ್ನೋದನ್ನು ಮರೆಯಬೇಡಿ.

ಎಐ ಬಂದ ಮೇಲೆ ಗಣಿತದವರು ಬೇಕಾ?

ಬರೀ ಲೆಕ್ಕ ಬಿಡಿಸುವವರ ಬೇಡಿಕೆ ಕಡಿಮೆ ಆಗುತ್ತದೆ. ಎಐ ಕೊಟ್ಟ ಉತ್ತರ ಎಲ್ಲಿ ತಪ್ಪಿದೆ ಅಂತ ಹಿಡಿಯುವವರು ಬೇಕೇ ಬೇಕು. ಎಐ ಒಳಗೆ ನಡೆಯುವುದೂ ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕ್ಯುಲಸ್, ಸಂಭವನೀಯತೆಯೇ.

ಸ್ಕಾಲರ್‌ಶಿಪ್ ಏನೇನಿದೆ?

ರಾಜ್ಯದ್ದೆಲ್ಲಾ ಸರ್ಕಾರದ ಸ್ಕಾಲರ್‌ಶಿಪ್ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ, ಊಟ ವಸತಿಗೆ ವರ್ಷಕ್ಕೆ ಹತ್ತು ತಿಂಗಳ ನೆರವು. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಸರ್ಕಾರಿ ಶಾಲೆ, ಸರ್ಕಾರಿ ಪಿಯುನಲ್ಲಿ ಓದಿ ಡಿಗ್ರಿ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ದುಡ್ಡೂ ಬರುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

ತುಂಬಾ ಚುರುಕಿರುವ ಮಕ್ಕಳಿಗೆ ಒಂದು ಮಾತು. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಗಣಿತಕ್ಕೇ ಮೀಸಲಾದ ಬಿ.ಮ್ಯಾಥ್ ಡಿಗ್ರಿ ಇದೆ. ಅಲ್ಲಿ ಓದುವವರಿಗೆ ಸ್ಟೈಪೆಂಡ್ ಕೊಡುತ್ತಾ ಬಂದಿದ್ದಾರೆ. ಪ್ರವೇಶ ಪರೀಕ್ಷೆ ಕಷ್ಟ. ಆದರೆ ನಮ್ಮ ಕಡೆ ಎಷ್ಟೋ ಜಾಣ ಮಕ್ಕಳಿಗೆ ಇಂಥದ್ದೊಂದು ಇದೆ ಅನ್ನೋದೇ ತಿಳಿದಿಲ್ಲ, ಪಿಯು ಮೇಷ್ಟ್ರುಗಳು ದಯವಿಟ್ಟು ಹೇಳಬೇಕು.

ಮಗಳನ್ನ ದೂರ ಕಳಿಸೋಕೆ ಆಗಲ್ಲ. ತಾಲ್ಲೂಕು ಕಾಲೇಜಲ್ಲೇ ಗಣಿತ ಓದಿದರೆ ನಡೆಯುತ್ತಾ?

ನಡೆಯುತ್ತದೆ ಅಣ್ಣಾ. ಲಿಂಗಸುಗೂರು, ಸಿಂಧನೂರು, ಗಂಗಾವತಿ, ಸಿರುಗುಪ್ಪ ಇಂಥ ಕಡೆಯಿಂದ ಓದಿದವರೂ ಮುಂದೆ ಹೋಗಿದ್ದಾರೆ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಒಂದೇ ಕೋರಿಕೆ, ಡಿಗ್ರಿ ಮುಗಿದ ಕೂಡಲೇ ಓದು ನಿಲ್ಲಿಸಬೇಡಿ. ಗಣಿತದ ಪ್ರತಿಫಲ ಬರುವುದು ಬಿ.ಎಡ್. ಆದ ಮೇಲೆ, ಎಂ.ಎಸ್ಸಿ. ಆದ ಮೇಲೆ. ಮೂರು ವರ್ಷ ಓದಿಸಿ, ಇನ್ನೆರಡು ವರ್ಷಕ್ಕೆ ಮುಂಚೆ ಮದುವೆ ಗೊತ್ತು ಮಾಡಿದರೆ ಅವಳು ಪಟ್ಟ ಕಷ್ಟವೂ ನೀವು ಹಾಕಿದ ದುಡ್ಡೂ ಅರ್ಧಕ್ಕೇ ನಿಂತ ಹಾಗೆ.

ಬಿ.ಎಸ್ಸಿ. ಮುಗಿದು ಮೂರು ವರ್ಷ ಆಯ್ತು, ಖಾಸಗಿ ಶಾಲೆಯಲ್ಲಿ ಪಾಠ ಮಾಡ್ತಿದ್ದೀನಿ. ಈಗ ತಡ ಆಯ್ತಾ?

ಇಲ್ಲ. ಪಾಠ ಮಾಡುವುದು ಹಿಡಿಸಿದೆಯಾ ಅಂತ ಈಗ ನಿಮಗೇ ಗೊತ್ತಿದೆ. ಹಿಡಿಸಿದ್ದರೆ ಈ ವರ್ಷವೇ ಬಿ.ಎಡ್.ಗೆ ಅರ್ಜಿ ಹಾಕಿ. ಹಿಡಿಸಿಲ್ಲ ಅಂದರೆ ಒಂದು ಪರೀಕ್ಷೆ ಆರಿಸಿಕೊಂಡು ಒಂದು ವರ್ಷ ಅದಕ್ಕೇ ಕೊಡಿ. ಒಂದೇ ಸಲಕ್ಕೆ ಎಫ್‌ಡಿಎ, ಬ್ಯಾಂಕ್, ಪಿಎಸ್‌ಐ, ಟಿಇಟಿ ಎಲ್ಲಾ ಓದಲು ಹೋದವರು ಯಾವುದರಲ್ಲೂ ಮುಟ್ಟುವುದಿಲ್ಲ. ಸಂಜೆ ಟ್ಯೂಷನ್ ಬಿಡಬೇಡಿ, ಖರ್ಚಿಗೂ ಆಗುತ್ತದೆ, ವಿಷಯವೂ ಕೈಯಲ್ಲಿರುತ್ತದೆ. ಹೊಸದಾಗಿ ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000ದಂತೆ ಎರಡು ವರ್ಷದ ತನಕ ಸಿಗುತ್ತದೆ, ಮುಂದೆ ಓದುತ್ತಿರುವವರಿಗೆ ಇಲ್ಲ.

ಅಡ್ಮಿಷನ್‌ಗೆ ಹೋದಾಗ ಕಾಲೇಜಿನಲ್ಲಿ ಏನು ಕೇಳಬೇಕು?

ಗಣಿತಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ, ಎಲ್ಲರೂ ಅತಿಥಿ ಉಪನ್ಯಾಸಕರಾ? ಅತಿಥಿಗಳೇ ಆದರೆ ಹೋದ ವರ್ಷ ಅವರು ಯಾವ ತಿಂಗಳಲ್ಲಿ ಬಂದರು? ಇದನ್ನು ಕೇಳಲೇಬೇಕು, ಯಾಕಂದರೆ ನೇಮಕ ತಡವಾದ ಸೆಮಿಸ್ಟರ್‌ನಲ್ಲಿ ಅರ್ಧ ಪಾಠ ಆಗುವುದೇ ಇಲ್ಲ. ಕಂಪ್ಯೂಟರ್ ಲ್ಯಾಬ್ ಬೀಗ ಹಾಕಿದೆಯಾ ತೆರೆದಿದೆಯಾ, ಕಣ್ಣಾರೆ ನೋಡಿ. ಮೂರನೇ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನ್ ಹತ್ತಿರ ಹಿಡಿದು ಮಾತಾಡಿಸಿ, ಪ್ರಾಂಶುಪಾಲರ ಕೊಠಡಿಗಿಂತ ಅಲ್ಲಿ ಜಾಸ್ತಿ ಗೊತ್ತಾಗುತ್ತದೆ. ಅಡ್ಮಿಷನ್ ಅರ್ಜಿ ಹಾಕುವ ಸರ್ಕಾರಿ ತಾಣ ಯುಯುಸಿಎಂಎಸ್‌ನಲ್ಲಿ ಕಾಂಬಿನೇಷನ್ ಒತ್ತುವ ಮುಂಚೆ ಇನ್ನೊಮ್ಮೆ ನೋಡಿ, ಸೈಬರ್ ಸೆಂಟರ್‌ನವರ ಕೈಗೆ ಬಿಡಬೇಡಿ. ಅರ್ಜಿಯ ಪ್ರಿಂಟ್ ತೆಗೆದು, ಜಾತಿ–ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರದ ಜೊತೆ ಒಂದೇ ಫೈಲ್‌ನಲ್ಲಿ ಇಡಿ, ಹಾಸ್ಟೆಲ್ ಅರ್ಜಿಗೂ ಅವೇ ಬೇಕಾಗುತ್ತವೆ.